ಹದಿಮೂರು ಮಾರಿನ ಅಂಗಳ

ಡಿಸೆಂಬರ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಆರೂವರೆ. ಸ್ಥಳ, ಹಟ್ಟಿಕೇರಿಯಲ್ಲಿ ನನ್ನ ತಮ್ಮನ ಮನೆಯ ಹಿಂದಿನ ಗದ್ದೆ. ಹಾಜರಿದ್ದವರು: ತಮ್ಮ ತಿಮ್ಮಣ್ಣ, ಅವನ ಹೆಂಡತಿ ಮಾದೇವಿ, ಅವರ ಮಗಳು ನಾಗವೇಣಿ, ನಾನು, ಮತ್ತು ಯಾರೂ ಕರೆಯದೆ ಬಂದ ಒಂದು ಕೆಂಪು ಹುಂಜ.

ಹೀಗೆ ಶುರು ಮಾಡುವುದು ನನ್ನ ಹಳೆಯ ಅಭ್ಯಾಸ. ಕದ್ರಾದ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ವರ್ಷಗಟ್ಟಲೆ ಪಾಳಿ ಮಾಡಿದವನು ನಾನು. ಗಂಟೆ, ಹಾಜರಿ, ಯಂತ್ರಗಳ ಸ್ಥಿತಿ ಇಷ್ಟನ್ನು ಬರೆಯದೆ ಅಲ್ಲಿ ಕುರ್ಚಿಯ ಮೇಲೆ ಕೂರುವಂತಿರಲಿಲ್ಲ. ನಿವೃತ್ತನಾಗಿ ಅಂಕೋಲೆಗೆ ಬಂದ ಮೇಲೂ ಚಟ ಬಿಡಲಿಲ್ಲ. ಹಾಲಿನವನು ಬಂದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಅವನಿಗೆ ಇದು ಗೊತ್ತಾದ ಮೇಲೆ ಗೇಟಿನ ಹತ್ತಿರ ಬಂದಾಗಲೆಲ್ಲ "ಬಂದೆ ಸರ್, ಬರ್ಕಳಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ. ನಾನೂ ಬರೆದುಕೊಳ್ಳುತ್ತೇನೆ. ಯಾರು ಯಾರನ್ನು ಆಡಿಸುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು, ನನಗೂ ಅನಿಸಿದೆ.

ಆ ಶನಿವಾರ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವುದರೊಳಗೆ ವಾಸನೆ ಬಂತು. ಹಸಿ ಸೆಗಣಿಗೆ ತೆಂಗಿನ ಚಿಪ್ಪಿನ ಇದ್ದಿಲನ್ನು ಅರೆದು ಕಲಸಿದ ವಾಸನೆ. ಮಳೆಗಾಲ ಮುಗಿದು ಕೊಯ್ಲಾದ ಮೇಲೆ ಒಂದು ಕಾಲದಲ್ಲಿ ನಮ್ಮ ಕಡೆ ಮನೆಮನೆಯ ಅಂಗಳದಿಂದಲೂ ಇದೇ ವಾಸನೆ ಏಳುತ್ತಿತ್ತು. ಪಾಚಿಗಟ್ಟಿದ ನೆಲವನ್ನು ಕೆತ್ತಿ, ನೀರು ಹಾಕಿ, ಮರದ ಹಲಗೆಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿ, ಅಡಿಕೆ ಹಾಳೆಯ ತುಂಡು ಹಿಡಿದು ಸಾರಿಸುವುದು. ಈಗ ಹೆಚ್ಚಿನ ಅಂಗಳಗಳಿಗೆ ಸಿಮೆಂಟು ಬಂದಿದೆ, ವಾಸನೆ ಹೋಗಿದೆ. ಈ ವಾಸನೆಗೆ ನಿಮಗೆ ಹಬ್ಬವೋ ಅಜ್ಜಿಯ ಮನೆಯೋ ನೆನಪಾದೀತು. ನನಗೆ ಟೆನಿಸ್ ನೆನಪಾಗುತ್ತದೆ.

ನಗಬೇಡಿ, ಹೇಳುತ್ತೇನೆ.

ನಾಗವೇಣಿ, ನಮ್ಮೆಲ್ಲರ ನಾಗು, ಹಲವು ವರ್ಷ ಟೆನಿಸ್ ಆಡಿಯೇ ಹೊಟ್ಟೆ ಹೊರೆದವಳು. ಈಗ ಕೋಚ್. ವಾರದ ಕೆಲವು ದಿನ ಕಾರವಾರದಲ್ಲಿ, ಕೆಲವು ದಿನ ಹಟ್ಟಿಕೇರಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಮರುದಿನ ಭಾನುವಾರ ಕಾರವಾರದ ಮಕ್ಕಳು ಮೊದಲ ಸಲ ಹಟ್ಟಿಕೇರಿಗೆ ಬಂದು ಇಲ್ಲಿಯ ಮಕ್ಕಳೊಡನೆ ಪಂದ್ಯ ಆಡುವವರಿದ್ದರು. ಪಂದ್ಯ ಎಂದ ಮೇಲೆ ಕೋರ್ಟು ಅಳತೆಗೆ ಸರಿಯಾಗಿರಬೇಕಲ್ಲ? ಆ ಗದ್ದೆಯಲ್ಲಿ ಅಳತೆ ಮಾಡುವವಳು ಮಾದೇವಿ, ಬೇರೆ ಯಾರಿಗೂ ಬಿಡುವವಳಲ್ಲ. ಅವಳ ಅಳತೆ ತಪ್ಪು. ತಪ್ಪೆಂದು ಅವಳಿಗೆ ಈವರೆಗೆ ಯಾರೂ ಹೇಳಿಲ್ಲ. ಹೇಳಬಾರದೆಂದು ನಾಗು ಚಿಕ್ಕವಳಿದ್ದಾಗಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವ್ವನ ಮನಸ್ಸು ನೋಯಿಸದೆ ಆ ಒಂದು ದಿನದೊಳಗೆ ಕೋರ್ಟನ್ನು ಸರಿ ಮಾಡುವುದು ಹೇಗೆ? ನಾನು ಪ್ಯಾಂಟಿನ ಕಿಸೆಯಲ್ಲಿ ದುಂಡನೆಯ ಡಬ್ಬಿಯ ಉದ್ದ ಟೇಪನ್ನು ತುರುಕಿಕೊಂಡು ಬಂದಿದ್ದೆ. ತೊಡೆಯ ಮೇಲೆ ತೆಂಗಿನಕಾಯಿ ಬೆಳೆದಂತೆ ಕಾಣುತ್ತಿತ್ತು.

ತಪ್ಪು ಅಳತೆಯ ಕಥೆ ಕದ್ರಾದಿಂದ ಶುರುವಾಗಬೇಕು.

ಕದ್ರಾದ ನಮ್ಮ ಕಾಲೊನಿಯಲ್ಲಿ ಒಂದು ಟೆನಿಸ್ ಕೋರ್ಟು ಇತ್ತು. ಸಂಜೆ ಐದಕ್ಕೆ ಸಾಹೇಬರುಗಳು ಬಿಳಿ ಚಡ್ಡಿ ಹಾಕಿಕೊಂಡು ಬರುತ್ತಿದ್ದರು. ಆಟಕ್ಕೆ ನಾಲ್ಕನೆಯವರು ಸಿಗದ ದಿನ ನನ್ನನ್ನು ಕರೆಯುತ್ತಿದ್ದರು. ನಾನು ತುಕ್ಕು ಹಿಡಿದ ವಾಲ್ವ್ ತಿರುಗಿಸುವವನ ಹಾಗೆ ರಾಕೆಟ್ ತಿರುಗಿಸುತ್ತಿದ್ದೆ. ಆದರೆ ಸಮಯಕ್ಕೆ ಸರಿಯಾಗಿ ಬರುತ್ತಿದ್ದೆ. ಅದೊಂದೇ ಗುಣಕ್ಕೆ ನನ್ನನ್ನು ಸಹಿಸಿಕೊಂಡಿದ್ದರು.

ಒಂದು ರಜೆಯಲ್ಲಿ ತಿಮ್ಮ ಮಗಳನ್ನು ಕರೆದುಕೊಂಡು ಬಂದ. ನಾಗು ಆಗ ಇನ್ನೂ ಹಾಲುಹಲ್ಲು ಉದುರುತ್ತಿದ್ದ ಹುಡುಗಿ. ಮೊದಲ ದಿನ ಚೆಂಡು ಹೆಕ್ಕಿ ಕೊಟ್ಟಳು. ಎರಡನೆಯ ದಿನ ನನ್ನ ರಾಕೆಟ್ಟನ್ನು ಎರಡೂ ಕೈಯಿಂದ, ಒನಕೆ ಹಿಡಿದ ಹಾಗೆ ಹಿಡಿದು, ಗೋಡೆಗೆ ಚೆಂಡು ಹೊಡೆಯತೊಡಗಿದಳು. ಊಟಕ್ಕೆ ಕರೆದರೆ ಬರಲಿಲ್ಲ. ಕತ್ತಲಾಗಿ ಚೆಂಡು ಕಾಣದಂತಾದ ಮೇಲೆ ಬಂದಳು. "ದೊಡ್ಡಪ್ಪಾ, ನಾಳೆ ಬೆಳಗು ಯಾವಾಗ ಆಗ್ತದೆ?" ಎಂದು ಕೇಳಿದಳು. ಆ ಪ್ರಶ್ನೆಗೆ ನಿಮಿಷದ ಲೆಕ್ಕದಲ್ಲಿ ಉತ್ತರ ಕೊಡಬಲ್ಲ ದೊಡ್ಡಪ್ಪ ಸಿಕ್ಕಿದ್ದು ಅವಳ ಪುಣ್ಯ.

ತಿಮ್ಮ ಏನೂ ಮಾತಾಡಲಿಲ್ಲ. ಅವನು ಹಾಗೆಯೇ. ಉದ್ದ ಆಳು; ಹಟ್ಟಿಕೇರಿಯ ಯಾವ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಬೇಕು, ಆದ್ದರಿಂದ ಊರಲ್ಲಿ ಅವನಿಗೆ ಬಹಳ ವಿನಯವಂತ ಎಂಬ ಹೆಸರು. ಹೊರಡುವ ದಿನ ಬೆಳಿಗ್ಗೆ ನೋಡುತ್ತೇನೆ, ಖಾಲಿ ಕೋರ್ಟಿನಲ್ಲಿ ಹಗ್ಗ ಹಿಡಿದು ಕೈ ಚಾಚುತ್ತಾ ಅಳೆಯುತ್ತಿದ್ದಾನೆ. ಮಾರು ಲೆಕ್ಕ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಹಗ್ಗ, ಬಲೆ, ಬಾವಿಯ ಆಳ, ಎಲ್ಲಕ್ಕೂ ನಮ್ಮ ಕಡೆ ಅದೇ ಅಳತೆ.

"ಅಡಿ ಲೆಕ್ಕದಲ್ಲಿ ಬರ್ದು ಕೊಡ್ತೆ ತಡಿಯೋ" ಎಂದೆ.

"ಬೇಡ ಅಣ್ಣ. ಹದಿಮೂರು ಮಾರು ಉದ್ದ, ನಾಲ್ಕೂವರೆ ಅಗಲ. ತಲೇಲಿ ಕೂತದೆ" ಎಂದ.

ಕಾಲೊನಿಯವರು ಬಿಸಾಡಿದ್ದ ಹಳೆಯ ಬಲೆ, ಹಿಡಿ ಬಿರಿದ ಒಂದು ರಾಕೆಟ್, ರೋಮ ಉದುರಿದ ಚೆಂಡುಗಳ ಒಂದು ಚೀಲ, ಇಷ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಪ್ಪ ಮಗಳು ಹೋದರು. ಆ ವರ್ಷ ಕೊಯ್ಲು ಮುಗಿದ ಕೂಡಲೆ ಮನೆಯ ಹಿಂದಿನ ಗದ್ದೆಯಲ್ಲಿ ಕೋರ್ಟು ಮಾಡುವುದೆಂದು ನಿಶ್ಚಯವಾಯಿತು. ನಿಶ್ಚಯವಾದ ಮರುದಿನವೇ ತಿಮ್ಮನಿಗೆ ಸೊಂಟ ಹಿಡಿಯಿತು. ಅವನು ಜಗಲಿಯಲ್ಲಿ ಮಲಗಿ "ಹದಿಮೂರು, ನಾಲ್ಕೂವರೆ" ಎಂದು ಮಂತ್ರ ಹೇಳಿದ ಹಾಗೆ ಹೇಳಿದ. ಕೆಲಸವೆಲ್ಲ ಮಾದೇವಿಯ ಕೈಗೆ ಬಂತು. ಕೊಯ್ದ ಭತ್ತದ ಕೂಳೆ ಕಿತ್ತವಳು ಅವಳು, ತಟ್ಟಿದವಳು ಅವಳು, ಸಾರಿಸಿದವಳು ಅವಳು. ಶೇಡಿ ಎಂಬ ಬಿಳಿ ಮಣ್ಣನ್ನು ನೀರಿನಲ್ಲಿ ಕಲಸಿ ಹಬ್ಬಕ್ಕೆ ಗೋಡೆಯ ಮೇಲೆ ಚಿತ್ತಾರ ಬರೆಯುವುದಿದೆಯಲ್ಲ, ಅದೇ ಶೇಡಿಯಿಂದ ಕೋರ್ಟಿನ ಗೆರೆ ಎಳೆದವಳೂ ಅವಳು. ಹದಿಮೂರು ಮಾರು, ನಾಲ್ಕೂವರೆ ಮಾರು, ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ.

ಮಾದೇವಿ ತಿಮ್ಮನ ಎದೆಯ ಮಟ್ಟಕ್ಕೆ ಬರುವ ಹೆಂಗಸು. ಇದನ್ನು ಯಾರೂ ಯೋಚಿಸಲಿಲ್ಲ.

ಬಲೆ ಕಟ್ಟುವಾಗಲಾದರೂ ಗೊತ್ತಾಗಬೇಕಿತ್ತು. ಎರಡೂ ಬದಿಗೆ ಬಲೆ ಮಿಕ್ಕಿತಂತೆ. ಜಗಲಿಯಿಂದಲೇ ತಿಮ್ಮ ತೀರ್ಪು ಕೊಟ್ಟ: "ಹಳೆ ಬಲೆ, ಎಳ್ದೂ ಎಳ್ದೂ ಉದ್ದಾಗಿದೆ. ಮಡ್ಚಿ ಕಟ್ಟು." ಮಡಚಿ ಕಟ್ಟಿದರು. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡಿ, "ಮಾದೇವಿ, ಗದ್ದೇಲಿ ಬಲೆ ಹಾಕಿದ್ಯಲ್ಲೆ, ಮೀನು ಸಿಕ್ತೇನೆ?" ಎಂದು ಕೇಳುತ್ತಿದ್ದರು. "ಸಿಕ್ರೆ ನಿಮ್ಮನೆಗೂ ಕಳಿಸ್ತೆ, ಮಸಾಲೆ ಅರ್ದಿಟ್ಕಳಿ" ಎಂದು ಇವಳು ಹಾಳೆಯ ತುಂಡನ್ನು ಬಿಡದೆ ಉತ್ತರ ಕೊಡುತ್ತಿದ್ದಳು.

ಗದ್ದೆಯಲ್ಲಿ ಉಳಿದ ಜಾಗಕ್ಕೆಲ್ಲ ಮಾದೇವಿ ಶೇಂಗಾ ಬಿತ್ತಿದಳು. ಕೋರ್ಟಿನ ಗೆರೆ ದಾಟಿ ಒಂದಿಷ್ಟು ಓಡುವ ಜಾಗ, ಅದರಾಚೆ ಶೇಂಗಾ ಸಾಲು. ಚೆಂಡು ಆಚೆ ಬಿತ್ತೆಂದರೆ ಅಡುಗೆಮನೆಯ ಕಿಟಕಿಯಿಂದ "ಗಿಡ ತುಳಿಬೇಡ್ವೆ!" ಎಂಬ ಕೂಗು ಬರುತ್ತಿತ್ತು. ಆ ಕೂಗಿಗೆ ಹೆದರಿ ನಾಗು ಚೆಂಡನ್ನು ಒಳಗೆ ಇಡುವುದನ್ನು ಕಲಿತಳು. ಶಾಲೆಯ ಹುಡುಗ ಹುಡುಗಿಯರು ಬಂದು ಆಡುತ್ತಿದ್ದರು, ಆದರೆ ಎಲ್ಲರ ಚೆಂಡೂ ಶೇಂಗಾದಲ್ಲಿ. ಇವಳದು ಮಾತ್ರ ಬಲೆ ದಾಟಿದ ಕೂಡಲೆ ಓರೆಯಾಗಿ ಪಕ್ಕದ ಗೆರೆಯ ಹತ್ತಿರ ಇಳಿಯುತ್ತಿತ್ತು.

ಹನ್ನೆರಡು ತುಂಬಿದಾಗ ಅವಳನ್ನು ಕಾರವಾರದ ಒಂದು ಪಂದ್ಯಕ್ಕೆ ಕರೆದುಕೊಂಡು ಹೋದೆವು. ಕೆಂಪು ಮಣ್ಣಿನ ನಿಜವಾದ ಕೋರ್ಟು, ಆಚೆ ರಸ್ತೆ, ರಸ್ತೆಯಾಚೆ ಸಮುದ್ರ. ನಾಗು ಗೆರೆಯ ಹತ್ತಿರ ನಿಂತು ಸುತ್ತಲೂ ನೋಡಿದಳು. ಹೆದರಿದಳೆಂದು ನಾನು ಹತ್ತಿರ ಹೋದೆ.

"ದೊಡ್ಡಪ್ಪಾ, ಎಷ್ಟು ದೊಡ್ಡ ಅಂಗಳ ಇದು! ಚೆಂಡು ಹೊರಗೆ ಹೊಡಿಬೇಕಂದ್ರೂ ಆಗೂದಿಲ್ಲ" ಎಂದಳು, ಪೇಟೆಯ ಅಂಗಡಿಯಲ್ಲಿ ಇಷ್ಟ ಬಂದದ್ದು ತೆಗೆದುಕೊ ಎಂದು ಬಿಟ್ಟ ಮಗುವಿನಂತೆ.

ಹಾಗೆಯೇ ಆಯಿತು. ಎದುರಿನ ಹುಡುಗಿ ಹಿಂದೆ ನಿಂತು ದೊಡ್ಡ ದೊಡ್ಡ ಹೊಡೆತ ಹೊಡೆಯುತ್ತಿದ್ದಳು. ನಾಗು ಚೆಂಡನ್ನು ಬಲೆಯ ಹಿಂದೆಯೇ ಮೂಲೆಯಲ್ಲಿ ಇಳಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಹೆಂ ಚೆಡುಂ ಖಂಯ್ಚೆಂ?" ಎಂದು ಕೊಂಕಣಿಯಲ್ಲಿ ಕೇಳಿದರು, ಈ ಹುಡುಗಿ ಎಲ್ಲಿಯವಳೆಂದು. ಹಟ್ಟಿಕೇರಿ ಎಂದೆ. ಅಲ್ಲಿ ಕೋರ್ಟು ಇದೆಯೇ ಎಂದರು. ಇದೆ ಎಂದು ಎದೆಯುಬ್ಬಿಸಿ ಹೇಳಿದೆ.

ಮಧ್ಯಾಹ್ನ ಊಟಕ್ಕೆ ಮರದಡಿ ಹೋದೆವು. ಮಾದೇವಿ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ನಮಗೆಲ್ಲ ಬಡಿಸಿಟ್ಟು ಎಲ್ಲಿಗೋ ಹೋದವಳು ತಡವಾಗಿ ಬಂದಳು. ಸೀರೆಯ ಮೊಣಕಾಲಿನ ಹತ್ತಿರ ಕೆಂಪು ಧೂಳು, ಬುತ್ತಿ ಕಟ್ಟಿದ್ದ ಹಗ್ಗ ಮುಂಗೈಗೆ ಸುತ್ತಿಕೊಂಡಿತ್ತು. ಮೀಟರಿನ ಮುಳ್ಳುಗಳನ್ನು ಓದಿ ಓದಿ ಪಳಗಿದ ಕಣ್ಣು ನನ್ನದು, ಅದನ್ನು ನೋಡಿತು. ಏನೆಂದು ಮಾತ್ರ ಕೇಳಲಿಲ್ಲ. ಊಟದ ಹೊತ್ತಿನಲ್ಲಿ ನಾನು ಊಟ ಮಾಡುತ್ತೇನೆ.

ನಾಗು ಗೆದ್ದಳು. ಆದರೆ ಆ ದೊಡ್ಡ ಅಂಗಳದ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮರುವಾರ ಮಾದೇವಿ ಅಂಕೋಲೆ ಪೇಟೆಗೆ ಹೋದ ಹೊತ್ತು ನೋಡಿ ನಾನೂ ನಾಗುವೂ ಟೇಪು ಹಿಡಿದು ಗದ್ದೆಗಿಳಿದೆವು. ಅಳೆದರೆ ಉದ್ದವೂ ಕಡಿಮೆ, ಅಗಲವೂ ಕಡಿಮೆ. ಮುಳ್ಳು ಅರ್ಧ ಗೆರೆ ಆಚೆ ಹೋದರೂ ಮೇಲಿನವರಿಗೆ ತಿಳಿಸಬೇಕೆಂಬ ಶಿಸ್ತಿನಲ್ಲಿ ಬೆಳೆದವನು ನಾನು. ನಾನು ಮನೆಯ ಕಡೆ ಹೊರಟರೆ ನಾಗು ಟೇಪಿನ ತುದಿಯನ್ನು ಬಿಡಲೇ ಇಲ್ಲ.

"ಅವ್ವಂಗೆ ಹೇಳ್ಬೇಡಿ ದೊಡ್ಡಪ್ಪ. ಬಂದವ್ರಿಗೆಲ್ಲ ನನ್ನ ಮಾರಿನ ಅಂಗಳ, ನನ್ನ ಮಾರಿನ ಅಂಗಳ ಅಂತ ತೋರಿಸ್ತದೆ ಅವ್ವ. ತಪ್ಪು ಅಂತ ಗೊತ್ತಾದ್ರೆ ಮತ್ತೆ ಅಂಗಳ ಮಾಡೂಕೆ ಕೈ ಬರೂದಿಲ್ಲ ಅದಕ್ಕೆ."

"ನಿನ್ನ ಆಟ ಹಾಳಾದ್ರೆ?"

"ಹಾಳಾಗ್ಲಿಲ್ಲಲ್ಲ, ಗೆದ್ದೆನಲ್ಲ."

ಬಲೆ ಮುಟ್ಟಿ ಮಾತು ಕೊಟ್ಟೆ.

ನಾಗುವಿನ ಆಟದ ಬದುಕನ್ನು ದೊಡ್ಡದು ಮಾಡಿ ಹೇಳಿದರೆ ಅವಳೇ ನನ್ನನ್ನು ಬೈಯುತ್ತಾಳೆ. ಟಿ.ವಿ.ಯಲ್ಲಿ ಬರುವ ಆಟಗಾರ್ತಿ ಆಗಲಿಲ್ಲ ಅವಳು. ಅವಳು ಆಡಿದ ಪಂದ್ಯಗಳಲ್ಲಿ ಹೆಚ್ಚಿನವಕ್ಕೆ ಪ್ರೇಕ್ಷಕರೆಂದರೆ ಎದುರಾಳಿಯ ತಾಯಿ ಮತ್ತು ನೆರಳಿಗೆ ಬಂದ ಒಂದು ನಾಯಿ. ಪುಣೆ, ಇಂದೋರ್, ಗುವಾಹಟಿ, ಆಮೇಲೆ ಥಾಯ್ಲೆಂಡ್, ಉಜ್ಬೇಕಿಸ್ತಾನ. ಮೂವರು ಹುಡುಗಿಯರು ಒಂದು ಕೋಣೆ ಹಿಡಿದು, ತೊಳೆದ ಕಾಲುಚೀಲಗಳನ್ನು ರಾಕೆಟ್ಟಿನ ತಂತಿಯ ಮೇಲೆ ಒಣಗಿಸಿ, ಮೊದಲ ಸುತ್ತಿನಲ್ಲೇ ಸೋತರೆ ಮುಂದಿನ ಊರಿನ ರೈಲು ಹತ್ತುವ ಬದುಕು. ಗೆದ್ದ ವಾರಗಳೂ ಇದ್ದವು. ಬಲವಾಗಿ ಸರ್ವ್ ಮಾಡುವ ಎತ್ತರದ ಹುಡುಗಿಯರಿಗೆ ನಾಗು ಎಂದರೆ ತಲೆನೋವು. ಅವರು ದೂರಕ್ಕೆ ಓಡಲು ತಯಾರಾಗಿ ಬರುತ್ತಿದ್ದರು, ಇವಳು ಅವರನ್ನು ಹತ್ತಿರಕ್ಕೆ, ಪಕ್ಕಕ್ಕೆ, ಮತ್ತೆ ಹತ್ತಿರಕ್ಕೆ ಓಡಿಸುತ್ತಿದ್ದಳು. ಇದನ್ನು ಯಾವ ಅಕಾಡೆಮಿಯಲ್ಲಿ ಕಲಿತೆ ಎಂದು ಕೇಳಿದವರಿಗೆ ಶೇಂಗಾ ಗದ್ದೆಯಲ್ಲಿ ಎಂದರೆ ಅವರು ಅದನ್ನು ಒಂದು ಅಕಾಡೆಮಿಯ ಹೆಸರೆಂದೇ ತಿಳಿಯುತ್ತಿದ್ದರಂತೆ.

ಎಲ್ಲಿಂದ ಫೋನು ಮಾಡಿದರೂ ಮಾದೇವಿ ಗೆದ್ದೆಯಾ ಸೋತೆಯಾ ಎಂದು ಕೇಳುತ್ತಿರಲಿಲ್ಲ. ಅವಳ ಪ್ರಶ್ನೆಗಳು ಬೇರೆ.

"ಊಟ ಆಯ್ತಾ? ಅಂಗಳ ಎಂತದು?"

"ಸಿಮೆಂಟು ಅವ್ವಾ."

"ಸಿಮೆಂಟಿನ ಮೇಲೆ ಓಡಿದ್ರೆ ಮೊಣಕಾಲು ಎಂತಾಗೂದೆ? ದೊಡ್ಡದಾ, ಸಣ್ಣದಾ?"

"ನಮ್ಮದರಷ್ಟೇ ಅವ್ವಾ" ಎಂದು ನಾಗು ಪ್ರತಿಸಲವೂ ಹೇಳುತ್ತಿದ್ದಳು. ಆಚೆಯಿಂದ "ಹಾಂ" ಎಂದು ಉತ್ತರ ಬರುತ್ತಿತ್ತು.

ಕೊನೆಗೆ ಭುಜ ಕೈಕೊಟ್ಟಿತು. ಡಾಕ್ಟರು ಸರ್ವ್ ಮಾಡುವುದು ಸಾಕೆಂದರು. ನಾನು ಸಮಾಧಾನದ ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಂಡು ಫೋನು ಮಾಡಿದೆ. ಅವಳು ನನಗೇ ಸಮಾಧಾನ ಹೇಳಿದಳು. "ಕೈ ಮೇಲೇಳೂದಿಲ್ಲ ಅಷ್ಟೇ ದೊಡ್ಡಪ್ಪ. ಹೇಳಿಕೊಡೂಕೆ ಬಾಯಿ ಇದ್ಯಲ್ಲ." ಕೋಚ್ ಆಗುವ ತರಬೇತಿಗೆ ಸೇರಿದಳು. ಸೇರಿದ ವಾರವೇ ಮತ್ತೆ ಫೋನು ಬಂತು. ಮಾತಿಲ್ಲ, ಬರೀ ನಗು. ನಾನು ಗಡಿಯಾರ ನೋಡುತ್ತಾ ಕಾದೆ. ಆಮೇಲೆ ಹೇಳಿದಳು: ಕ್ಲಾಸಿನ ಮೊದಲ ಪಾಠವೇ ಇದಂತೆ, ಚಿಕ್ಕ ಮಕ್ಕಳನ್ನು ದೊಡ್ಡ ಕೋರ್ಟಿಗೆ ಇಳಿಸಬೇಡಿ, ಗಿಡ್ಡ ಕೋರ್ಟು ಬರೆದುಕೊಡಿ, ಹಿಡಿತ ಬರಲಿ, ಓರೆ ಹೊಡೆತ ಬರಲಿ. ಆ ಗಿಡ್ಡ ಕೋರ್ಟಿನ ಅಳತೆಯನ್ನು ಬೋರ್ಡಿನ ಮೇಲೆ ಬರೆದಾಗ ನೋಡಿದರೆ, ನಮ್ಮ ಹಟ್ಟಿಕೇರಿಯ ಅಂಗಳಕ್ಕೆ ಹೆಚ್ಚುಕಡಿಮೆ ಸರಿ! ನಾಗು ತಡೆಯಲಾರದೆ ನಕ್ಕಳು. ಕಲಿಸುವವರು ಎಬ್ಬಿಸಿ ನಿಲ್ಲಿಸಿದರಂತೆ.

ಕೆಲವು ವರ್ಷ ಬೇರೆ ಊರುಗಳ ಕ್ಲಬ್ಬುಗಳಲ್ಲಿ ಕಲಿಸಿ ಹೋದ ವರ್ಷ ಊರಿಗೆ ಬಂದಳು. ಕಾರವಾರದಲ್ಲಿ ಮೊದಲ ತಿಂಗಳು ಮಕ್ಕಳಿಗೆ ಸುಣ್ಣದ ಪುಡಿಯಲ್ಲಿ ಗಿಡ್ಡ ಕೋರ್ಟು ಬರೆದುಕೊಟ್ಟಾಗ ತಂದೆತಾಯಂದಿರು ಗೊಣಗಿದರಂತೆ, ಪೂರಾ ಟೆನಿಸ್ ಯಾವಾಗ ಕಲಿಸುತ್ತೀರಿ ಎಂದು. ಈಗ ಗೊಣಗುವುದಿಲ್ಲ. ಚೆಂಡಿಯಾ ಊರಿನ ಕಡೆಯಿಂದ ಸೈಕಲ್ಲಿನಲ್ಲಿ ಬರುವ ಅಕ್ಕ ತಂಗಿಯರಿಬ್ಬರು ಓರೆ ಹೊಡೆತ ಹೊಡೆಯುವುದನ್ನು ನೋಡಿದರೆ ನನಗೆ ಶೇಂಗಾ ಸಾಲು ಕಣ್ಣಿಗೆ ಕಟ್ಟುತ್ತದೆ. ನಾಗು ನನ್ನ ಹಾಗೆ ಗಂಟೆ ನೋಡಿ ಕಲಿಸುವವಳಲ್ಲ. ಮಕ್ಕಳು ನಗುವುದು ನಿಂತರೆ ಆಟ ನಿಲ್ಲಿಸುತ್ತಾಳೆ. ಇದು ಯಾವ ವೇಳಾಪಟ್ಟಿ ಎಂದು ನಾನು ಒಮ್ಮೆ ಕೇಳಿದ್ದೆ. "ಇದಕ್ಕೆ ಬೇರೆ ಗಡಿಯಾರ ದೊಡ್ಡಪ್ಪ" ಎಂದಳು.

ಈಗ ಶನಿವಾರ ಬೆಳಿಗ್ಗೆಗೆ ಬನ್ನಿ.

ನಮ್ಮ ಯೋಜನೆ ಸರಳವಾಗಿತ್ತು. ಮಾದೇವಿ ದೋಸೆ ಹೊಯ್ಯಲು ಒಳಗೆ ಹೋದಾಗ ನಾನು ಟೇಪು ಹಿಡಿದು ಸರಿಯಾದ ಮೂಲೆಗಳಲ್ಲಿ ಗೂಟ ಹೊಡೆಯುವುದು, ಗೂಟಗಳು ಮೊದಲಿನಿಂದ ಇದ್ದವೆಂದು ನಾಗು ಹೇಳುವುದು. ಗದ್ದೆಯನ್ನು ನೋಡಿದರೆ ಈ ಸಲ ತುದಿಯಿಂದ ತುದಿಗೆ ತಟ್ಟಿ ಸಾರಿಸಿಯಾಗಿತ್ತು. ಕರ್ರಗೆ, ಹಲಗೆಯಂತೆ ಸಮವಾಗಿ ಹೊಳೆಯುತ್ತಿತ್ತು. ಶೇಂಗಾ ಸಾಲು ಕಾಣಲಿಲ್ಲ.

"ಈ ವರ್ಷ ಶೇಂಗಾ ಹಾಕ್ಲಿಲ್ವಾ ಮಾದೇವಿ?" ಎಂದೆ.

"ಬೀಜ ಸರಿ ಸಿಕ್ಲಿಲ್ಲ ಭಾವಾ" ಎಂದಳು, ನನ್ನ ಮುಖ ನೋಡದೆ. ಪಕ್ಕದ ಗದ್ದೆಗಳಲ್ಲಿ ಎಲ್ಲರ ಶೇಂಗಾವೂ ಮೊಳೆತಿತ್ತು.

ಆಮೇಲೆ ಮಗಳ ಕಡೆ ತಿರುಗಿ, "ನಾಗು, ಇವತ್ತು ದೋಸೆ ನೀನು ಹೊಯ್ಯಿ. ನಂಗೆ ಇಲ್ಲಿ ಕೆಲಸ ಅದೆ" ಎಂದಳು.

ಯೋಜನೆ ಅಲ್ಲಿಗೆ ಮುಗಿಯಿತು. ನಾಗು ನನ್ನನ್ನು ನೋಡುತ್ತಾ ನೋಡುತ್ತಾ ಒಳಗೆ ಹೋದಳು. ತಿಮ್ಮ ಶೇಡಿಯ ಬಕೆಟ್ಟು ಹಿಡಿದು ನಿಂತಿದ್ದ. ಹುಂಜ ಅವನ ಕಾಲ ಬುಡದಲ್ಲಿ ನಿಂತಿತ್ತು. ಮಾದೇವಿ ಒಂದು ಮೂಲೆಯಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದಳು, ಸೆರಗು ಸಿಕ್ಕಿಸಿದಳು, ಕೈ ಚಾಚಿದಳು.

"ಒಂದು."

ನಾನು ಕಿಸೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಡೆದೆ. ಈಗ ಹೇಳಲೇ? ಐದಕ್ಕೆ ಹೇಳಲೇ? ಟರ್ಬೈನು ಅಪಾಯದ ಮಿತಿಗೆ ಹತ್ತಿರವಾಗುವಾಗಲೂ ಏನು ಮಾಡಬೇಕೆಂದು ನಾನು ಇಷ್ಟು ಯೋಚಿಸಿದವನಲ್ಲ. ಎಂಟು, ಒಂಬತ್ತು. ನಾಗು ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಬಂದಳು. ಹಿಂದೆ ದೋಸೆ ಸೀಯುವ ವಾಸನೆ. ಹನ್ನೊಂದು, ಹನ್ನೆರಡು.

"ಹದಿಮೂರು" ಎಂದಳು ಮಾದೇವಿ.

ಮಾದೇವಿ ಹಗ್ಗವನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಮತ್ತೆ ಕೈ ಚಾಚಿದಳು.

"ಹದಿನಾಲ್ಕು. ಹದಿನೈದು. ಹದಿನಾರು."

ಅಲ್ಲಿ ಗೂಟ ನೆಟ್ಟಳು. ಅದು ಹೋದ ವರ್ಷದವರೆಗೆ ಶೇಂಗಾ ಬೆಳೆದಿದ್ದ ಜಾಗ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಎಂತಾ ನೋಡ್ತಿದ್ರಿ ಭಾವಾ? ಕಿಸೇಲಿದ್ದ ತೆಂಗಿನಕಾಯಿ ತೆಗೀರಿ. ಸರಿ ಇದ್ಯಾ ನೋಡ್ವಾ."

ಟೇಪು ತೆಗೆದೆ. ಅಳೆದೆ. ಒಂದು ಗೇಣಿನಷ್ಟೂ ವ್ಯತ್ಯಾಸವಿರಲಿಲ್ಲ.

"ಅವ್ವಾ, ನಿಂಗೆ ಯಾವಾಗ ಗೊತ್ತಾಯ್ತು?" ಎಂದು ನಾಗು ಬಾಗಿಲಿಂದಲೇ ಕೂಗಿದಳು.

"ಕಾರವಾರದಲ್ಲಿ ನೀನು ಮೊದ್ಲ ಸಲ ಆಡಿದ್ಯಲ್ಲೆ, ಅವತ್ತು. ಎಲ್ರೂ ಊಟಕ್ಕೆ ಹೋದ್ರಿ, ಅಂಗಳ ಖಾಲಿ ಇತ್ತು. ಬುತ್ತಿ ಹಗ್ಗದಲ್ಲಿ ಅಳ್ದೆ. ಹದಿನಾರು ಬಂತು. ಅಗಲ ಐದೂವರೆ."

ಮುಂಗೈಗೆ ಸುತ್ತಿದ ಹಗ್ಗ, ಮೊಣಕಾಲಿನ ಕೆಂಪು ಧೂಳು. ಎಷ್ಟು ವರ್ಷದ ಮೇಲೆ ನನ್ನ ಲೆಕ್ಕ ತಾಳೆಯಾಯಿತು ನೋಡಿ.

"ಮತ್ತೆ ಹೇಳ್ಲಿಲ್ಲ ಯಾಕೆ?"

ಮಾದೇವಿ ಗಂಡನ ಕಡೆ ಒಂದು ನೋಟ ನೋಡಿ ದನಿ ತಗ್ಗಿಸಿದಳು. ತಗ್ಗಿಸಿದರೂ ಗದ್ದೆಗೆಲ್ಲ ಕೇಳಿಸಿತು. "ಹೆಂಗೆ ಹೇಳೂದು? ಅವ್ರು ಕದ್ರಾಕ್ಕೆ ಹೋಗಿ ಲೆಕ್ಕ ತಪ್ಪಿ ಬಂದಿದ್ರು. ಪಾಪ, ಸೊಂಟ ಬೇರೆ ಹಿಡ್ದಿತ್ತು. ಊರವ್ರ ಮುಂದೆ ಅವ್ರ ಮರ್ಯಾದೆ ಹೋಗೂದು ಬೇಡ ಅಂತ ಸುಮ್ನಿದ್ದೆ."

ತಿಮ್ಮ ಬಕೆಟ್ಟು ಕೆಳಗಿಟ್ಟ. ಅವನ ಬಾಯಿಂದ ಅಷ್ಟು ದೊಡ್ಡ ದನಿ ನಾನು ಕೇಳಿದ್ದು ಅದೇ ಮೊದಲು.

"ನಾನಾ? ನಾನು ಲೆಕ್ಕ ತಪ್ಪಿದ್ನಾ? ಹದಿಮೂರೇ ಇತ್ತು!"

"ಹದಿನಾರು ಇತ್ತು! ನಾನೇ ಅಳ್ದಿದ್ದೆ!"

"ಎಲ್ಲಿ, ನಿನ್ನ ಮಾರು ತೋರ್ಸು!"

ಮಾದೇವಿ ಕೈ ಚಾಚಿ ನಿಂತಳು. ತಿಮ್ಮ ಅವಳ ಹಿಂದೆ ಬಂದು ನಿಂತು ತಾನೂ ಕೈ ಚಾಚಿದ. ಅವಳ ಬೆರಳ ತುದಿ ಎರಡೂ ಬದಿಗೆ ಅವನ ಮುಂಗೈಯಲ್ಲೇ ನಿಂತುಬಿಟ್ಟಿತು. ಅವನ ಅಂಗೈ ಎರಡೂ ಆಚೆಗೆ ಉಳಿದವು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಅಯ್ಯೋ, ಇಷ್ಟು ಉದ್ದದ ಕೈಯಾ ನಿಮ್ದು!" ಎಂದಳು. ಮದುವೆಯಾಗಿ ಇಷ್ಟು ವರ್ಷದ ಮೇಲೆ!

ಮೊದಲು ನಕ್ಕವನು ತಿಮ್ಮ. ಆಮೇಲೆ ಯಾರೂ ನಿಲ್ಲಿಸಲಿಲ್ಲ. ಮಗಳು ಅವ್ವನಿಗೆ ನೋವಾದೀತೆಂದು ಸುಮ್ಮನಿದ್ದಳು, ಅವ್ವ ಅಪ್ಪನ ಮರ್ಯಾದೆಗೆಂದು ಸುಮ್ಮನಿದ್ದಳು, ಅಪ್ಪ ಎಂದಿನಂತೆ ಸುಮ್ಮನಿದ್ದ, ಮಾತು ಕೊಟ್ಟವನೆಂದು ನಾನು ಸುಮ್ಮನಿದ್ದೆ. ಇಷ್ಟೊಂದು ಜನ ಸುಮ್ಮನಿದ್ದು ಕಾಪಾಡಿದ ಆ ಗೆರೆಗಳು ವರ್ಷವರ್ಷವೂ ಅದೇ ಜಾಗದಲ್ಲಿ ಬಿದ್ದಿದ್ದವು.

"ಥಾಯ್ಲೆಂಡಿಂದೆಲ್ಲ ನಮ್ಮದರಷ್ಟೇ ಅವ್ವಾ, ನಮ್ಮದರಷ್ಟೇ ಅವ್ವಾ ಅಂತ ಸುಳ್ಳು ಹೇಳ್ತಿದ್ದೆ ಅಲ್ದಾ ನೀನು?" ಎಂದು ಮಾದೇವಿ ಮಗಳನ್ನು ಹಿಡಿದಳು.

"ನೀನು ಮತ್ತೆ ದೊಡ್ಡದಾ ಸಣ್ಣದಾ ಅಂತ ಪ್ರತಿಸಲ ಕೇಳ್ತಿದ್ಯಲ್ಲ! ಗೊತ್ತಾದ ಮೇಲೂ ದೊಡ್ಡದು ಮಾಡ್ಲಿಲ್ಲ ಯಾಕೆ ಹೇಳು."

"ನೀನು ಗೆದ್ಕಂಡು ಬಂದಿದ್ಯಲ್ಲೆ. ಗೆದ್ದ ಅಂಗಳ ಬದ್ಲು ಮಾಡೂದುಂಟಾ?" ಎಂದು ಮಾದೇವಿ ಕೈಯ ಮಣ್ಣು ಒರೆಸಿಕೊಂಡಳು. ಆಮೇಲೆ, "ಮತ್ತೆ ಆಚೆ ಮೂರು ಮಾರು ಶೇಂಗಾ ಇತ್ತು" ಎಂದಳು.

ಈ ವರ್ಷ ಬೀಜ ಸಿಗದೆ ಹೋದದ್ದು ಯಾಕೆಂದು ಇನ್ನು ಯಾರೂ ಕೇಳಬೇಕಾಗಿರಲಿಲ್ಲ. ಮೊದಲ ಸಲ ಹೊರಗಿನ ಮಕ್ಕಳು ಆಡಲು ಬರುವ ವರ್ಷ ಅವಳು ಬಿತ್ತಲೇ ಇಲ್ಲ.

ನಾಗು ಸಟ್ಟುಗವನ್ನು ನನ್ನ ಕೈಗೆ ಕೊಟ್ಟು ಅವ್ವನ ಎರಡೂ ಕೈ ಹಿಡಿದಳು. "ಅವ್ವಾ, ಹದಿಮೂರು ಮಾರಿನದ್ದೂ ಬೇಕು. ದೊಡ್ಡದರ ಒಳಗೇ ಬರಿ. ಸಣ್ಣ ಮಕ್ಕಳಿಗೆ ಅದೇ ಸರಿ. ಎಲ್ಲ ದೇಶದಲ್ಲೂ ಹಂಗೇ ಕಲಿಸೂದು, ಗಿಡ್ಡ ಅಂಗಳದಲ್ಲಿ."

"ನಗ್ಸೂಕೆ ಹೇಳ್ತಿಯಾ?"

"ಆಣೆ ಅವ್ವಾ. ನಂಗೆ ಪಾಠದಲ್ಲೇ ಹೇಳಿಕೊಟ್ರು."

ಮಾದೇವಿ ಯೋಚಿಸಿದಳು. "ಹೌದಾ? ಅವ್ರೂ ಆಚೆಗೆ ಶೇಂಗಾ ಹಾಕಿದ್ರೇನೋ."

ಸೀದ ದೋಸೆಯನ್ನು ಹುಂಜಕ್ಕೆ ಹಾಕಿ ಹೊಸದಾಗಿ ಹೊಯ್ದು ತಿಂದೆವು. ನಾನು ತಿಂಡಿ ತಿನ್ನುವ ಹೊತ್ತು ಒಂದು ಗಂಟೆ ಮೀರಿಹೋಗಿತ್ತು. ಅದು ನನಗೆ ಆಮೇಲೆ ನೆನಪಾಯಿತು. ದಿನವಿಡೀ ಕೆಲಸ. ಹೊರಗಿನ ಗೆರೆಗಳಿಗೆ ಹಗ್ಗವನ್ನು ಶೇಡಿಯಲ್ಲಿ ಅದ್ದಿ, ಎರಡೂ ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟೆವು. ಕರಿ ನೆಲದ ಮೇಲೆ ಬಿಳಿ ಗೆರೆ ಪಟ್ಟನೆ ಮೂಡಿತು. ಅದರ ಮೇಲೆ ತೆಂಗಿನ ನಾರಿನ ಕುಂಚದಿಂದ ಮಾದೇವಿ ದಪ್ಪ ಮಾಡಿದಳು. ಒಳಗಿನ ಅಂಗಳಕ್ಕೆ ಕೆಮ್ಮಣ್ಣಿನ ಗೆರೆ. ಅದಕ್ಕೆ ಟೇಪು ಬೇಡವೆಂದು ನಾನೇ ಹೇಳಿದೆ. ಅವಳು ಕೈ ಚಾಚಿ ಹದಿಮೂರು ಎಣಿಸಿದಳು. ತಿಮ್ಮ ಗೂಟ ಹಿಡಿದು ಹಿಂದೆ ಹಿಂದೆ ಹೋದ. ಬಲೆ ಕಟ್ಟುವಾಗ ಎಲ್ಲೂ ಮಡಚಬೇಕಾಗಲಿಲ್ಲ.

ಸಂಜೆ ಐದೂವರೆಗೆ ಎಲ್ಲರೂ ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಗೆರೆ ಒಣಗುವವರೆಗೆ ಹುಂಜ ಓಡಿಸುವ ಕೆಲಸ ನನ್ನದೆಂದು ಮಾದೇವಿ ಹೇಳಿದ್ದಳು. ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ ಇದೊಂದು ಕೆಲಸವೇ ಎಂದುಕೊಂಡೆ. ಚಹದ ಲೋಟ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ಹುಂಜ ಬಿಳಿ ಗೆರೆ ದಾಟಿ, ಕೆಂಪು ಗೆರೆ ದಾಟಿ, ಬಲೆಯ ಕೆಳಗೆ ನುಸುಳಿ ಆಚೆ ಬದಿಗೆ ಹೋಗಿಯಾಗಿತ್ತು. ಬಿಳಿ ಗೆರೆಯ ಮೇಲೆ ಮೂರು ಬೆರಳಿನ ಪಾದದ ಗುರುತು.

ಕುಂಚ ತೆಗೆದುಕೊಂಡೆ. ಹಗ್ಗವನ್ನು ಸುತ್ತಿ ಒಳಗಿಟ್ಟಿದ್ದರು. ಟೇಪು ಕಿಸೆಯಲ್ಲಿತ್ತು, ತೆಗೆಯಲಿಲ್ಲ. ಮೊಣಕಾಲೂರಿ ಕಣ್ಣಂದಾಜಿನಲ್ಲೇ ಗೆರೆ ತುಂಬಿದೆ. ಅಲ್ಲಿ ಗೆರೆ ಸ್ವಲ್ಪ ಉಬ್ಬಿತು.

ನಾಗು ಮುಖ ಒರೆಸಿಕೊಳ್ಳುತ್ತಾ ಬಂದು ನೋಡಿದಳು. "ದೊಡ್ಡಪ್ಪಾ, ಇಲ್ಲಿ ಸೊಟ್ಟಾಯ್ತಲ್ಲ!"

"ಇರ್ಲಿ. ಅಲ್ಲಿ ಚೆಂಡು ಬಿದ್ರೆ ಒಳಗೆ ಅಂತ ಲೆಕ್ಕ" ಎಂದೆ.

ಕುಂಚ ತೊಳೆದು ಬಾವಿಕಟ್ಟೆಯ ಮೇಲೆ ಒಣಗಲು ಇಟ್ಟೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಗಂಟೆ ನೋಡಲಿಲ್ಲ.